ಅರ ಚಮಚ

ಕಾಗುಣಿತ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಮೂವತ್ತೊಂದು ವರ್ಷದಿಂದ ಒಂದೇ ಮುದ್ರಣಾಲಯದ ಒಂದೇ ಕಿಟಕಿಯ ಪಕ್ಕದಲ್ಲಿ, ಒಂದು ಕಾಲಿಗೆ ಮಡಿಸಿದ ಕಾಗದ ಕೊಟ್ಟು ನಿಲ್ಲಿಸಿದ ಕುರ್ಚಿಯ ಮೇಲೆ ಕುಳಿತು, ಬೇರೆಯವರ ಬರಹದ ಕರಡು ತಿದ್ದುತ್ತ ಬಂದವನಿಗೆ ಇಡೀ ಲೋಕವೇ ಇನ್ನೂ ಅಚ್ಚಿಗೆ ಹೋಗದ ಕರಡಿನಂತೆ ಕಂಡರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಕ್ಷೌರದಂಗಡಿಯ ಹಲಗೆಯಲ್ಲಿ ಒಂದು ಒತ್ತಕ್ಷರ ಉದುರಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಅದನ್ನು ಕಂಡರೆ ಅಂಗಡಿಯವರು ಹಲಗೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು.

ಅವನಿದ್ದ ಮೂರಂತಸ್ತಿನ ಕಟ್ಟಡದ ಕೆಳಮನೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬನಿದ್ದ. ಹೆಂಡತಿ ತೀರಿಹೋದ ವಾರ ಅವನು ನೆಂಟರಿಗೆಲ್ಲ ಪತ್ರ ಬರೆದು, ಒಂದು ಪ್ರತಿಯನ್ನು ಕಾಗುಣಿತನಿಗೂ ಕೊಟ್ಟಿದ್ದ. ಮರುದಿನ ಪತ್ರ ಅವನ ಬಾಗಿಲಿನ ಸಂದಿಯಲ್ಲಿ ವಾಪಸು ಬಂದಿತ್ತು. ‘ನನ್ನ ಹೆಂಡತಿ ತಿರಿಕೊಂಡಳು’ ಎಂಬಲ್ಲಿ ಕೆಂಪು ಸುತ್ತು. ಅಂಚಿನಲ್ಲಿ ದುಂಡಗಿನ ಅಕ್ಷರಗಳ ಟಿಪ್ಪಣಿ: ‘ದೀರ್ಘ ಬಿಟ್ಟುಹೋಗಿದೆ. ದೀರ್ಘವಿಲ್ಲದಿದ್ದರೆ ಸತ್ತವರು ಭಿಕ್ಷೆಗೆ ಹೊರಟಂತಾಗುತ್ತದೆ. ತಮ್ಮ ದುಃಖದಲ್ಲಿ ನಾನೂ ಭಾಗಿ.’ ಕಂಡಕ್ಟರ್ ಒಂದು ವರ್ಷ ಅವನೊಡನೆ ಮಾತು ಬಿಟ್ಟಿದ್ದ. ವರ್ಷದ ಮೇಲೆ ತಾನೇ ಬಂದು, ಇನ್ನೊಂದು ಪತ್ರ ಮುಂದಿಟ್ಟು, ಕಳಿಸುವ ಮೊದಲು ಒಮ್ಮೆ ನೋಡಿಕೊಡಿ ಎಂದ. ತಪ್ಪಿನ ಭಯ ಅಂಥದ್ದು. ಅದನ್ನು ಒಮ್ಮೆ ಹಚ್ಚಿಸಿಕೊಂಡವನು ಮತ್ತೆ ನಿಶ್ಚಿಂತನಾಗಿ ಒಂದು ವಾಕ್ಯವನ್ನೂ ಬರೆಯಲಾರ.

ಕಾಗುಣಿತ ಮದುವೆಯಾಗಿರಲಿಲ್ಲ. ಅವನೊಡನೆ ಇದ್ದವಳು ಅಕ್ಕ; ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಇನ್ನೂರು ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ನಾಲ್ವತ್ತು ವರ್ಷ ಅಡುಗೆ ಮಾಡಿ, ಮಂಡಿ ಸೋತ ಮೇಲೆ ಮನೆ ಸೇರಿದ್ದಳು. ಅಷ್ಟು ವರ್ಷ ಅವಳು ಯಾವುದನ್ನೂ ಅಳೆದು ಹಾಕಿದ್ದಿಲ್ಲ. ಸೌಟಿನಿಂದ ಅಂಗೈಗೆ ಒಂದು ಹನಿ, ಅಂಗೈಯಿಂದ ನಾಲಿಗೆಗೆ, ಆಮೇಲೆ ಒಂದು ಹಿಡಿ ಉಪ್ಪು ಅಥವಾ ಅರೆ ಹಿಡಿ. ಇನ್ನೂರು ಬಾಯಿಗಳಲ್ಲಿ ಒಂದೂ ಒಂದು ದಿನವೂ ದೂರು ಹೇಳಿರಲಿಲ್ಲ. ಓದು ಮಾತ್ರ ಅವಳಿಗೆ ಬರುತ್ತಿರಲಿಲ್ಲ. ತಮ್ಮನು ಮನೆಗೆ ತಂದ ಹಳೆಯ ಕರಡುಗಳನ್ನು ಅಡುಗೆಮನೆಯ ಕಪಾಟಿಗೆ ಹಾಸುವಾಗ, ಅಕ್ಷರ ನೆಟ್ಟಗಿದೆಯೋ ತಲೆಕೆಳಗಿದೆಯೋ ಎಂದು ಪ್ರತಿ ಸಲವೂ ಅವನನ್ನೇ ಕೂಗಿ ಕೇಳುತ್ತಿದ್ದಳು. ಡಬ್ಬಿಯ ಅಡಿಯಲ್ಲಿ ಹೇಗಿದ್ದರೇನು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ. ತಮ್ಮನ ಕೈ ಆಡಿದ ಅಕ್ಷರ ಅದು.

ಆ ಬೇಸಿಗೆಯಲ್ಲಿ ಬೀದಿಯ ಕೆಳಗೆ ಕುಡಿಯುವ ನೀರಿನ ಕೊಳವೆ ಎಲ್ಲೋ ಒಡೆದು, ಪಕ್ಕದಲ್ಲೇ ಹರಿಯುತ್ತಿದ್ದ ಇನ್ನೊಂದು ಕೊಳವೆಯೊಡನೆ ಸ್ನೇಹ ಬೆಳೆಸಿತು. ಆ ಇನ್ನೊಂದು ಕೊಳವೆ ಯಾವುದೆಂದು ವಿವರಿಸುವ ಅಗತ್ಯವಿಲ್ಲ. ಮೂರೇ ದಿನದಲ್ಲಿ ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡಿತು. ಇಂಜಿನಿಯರು ಬಂದು ಒಂದು ಗುಂಡಿ ತೋಡಿಸಿ, ಸಿಕ್ಕಿದ್ದು ಟೆಲಿಫೋನು ತಂತಿ ಎಂದು ಕಂಡುಕೊಂಡು, ಮುಚ್ಚಿಸಿ ಹೋದರು. ಅಲ್ಲಿಂದ ಟೆಲಿಫೋನೂ ಸತ್ತಿತು. ಕೊನೆಗೆ ಆರೋಗ್ಯ ಕೇಂದ್ರದ ಹಿರಿಯ ದಾದಿ, ಚಪ್ಪಲಿಯಿಂದ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು, ಮುದ್ರಣಾಲಯಕ್ಕೆ ಬಂದು ಒಂದು ಹಾಳೆ ಕೊಟ್ಟಳು. ವಾಂತಿ ಭೇದಿಯಾದವರ ಮೈಯ ನೀರು ಬತ್ತಿಹೋಗದಂತೆ ಮನೆಯಲ್ಲೇ ಏನು ಮಾಡಬೇಕೆಂದು ನಿಂತ ನಿಲುವಿನಲ್ಲೇ ಬರೆದು ತಂದಿದ್ದಳು. ಎರಡು ಸಾವಿರ ಪ್ರತಿ ಸಂಜೆಯೊಳಗೆ ಬೇಕು, ತಾನು ಊರಿನ ಆ ತುದಿಗೆ ಹೋಗಬೇಕು, ಅಲ್ಲಿ ಇದಕ್ಕಿಂತ ಕೆಟ್ಟದಾಗಿದೆ ಎಂದಳು. ಮುದ್ರಣಾಲಯದ ಯಜಮಾನ ಹಾಳೆಯನ್ನು ಕಾಗುಣಿತನ ಮೇಜಿಗೆ ತಂದಿಟ್ಟ.

ಮೊದಲ ಸಾಲಿನಲ್ಲೇ ಕಾಗುಣಿತನ ಹುಬ್ಬು ಮೇಲೇರಿತು. ‘ನೀರನ್ನು ಚೆನ್ನಾಗಿ ಕದಿಸಿ ಆರಿಸಿ’ ಎಂದಿತ್ತು. ಕುದಿಸಬೇಕಾದ ನೀರನ್ನು ದಾದಿ ಕದಿಸಲು ಹೊರಟಿದ್ದಳು. ಅವನು ಕೊಂಬು ಕೊಟ್ಟ. ಮುಂದಿನ ಸಾಲು: ‘ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ ಚಮಚ ಉಪ್ಪ.’ ಉಪ್ಪಿಗೂ ಕೊಂಬಿಲ್ಲ. ಅದನ್ನೂ ಕೊಟ್ಟ. ಆಮೇಲೆ ಅವನ ಪೆನ್ನು ‘ಅರ’ದ ಮೇಲೆ ಬಂದು ನಿಂತಿತು.

ಅರ ಎಂದರೇನು? ಅವನು ನಿಘಂಟು ತೆಗೆದ. ಅರ ಎಂದರೆ ಕಬ್ಬಿಣ ಉಜ್ಜುವ ಹತ್ಯಾರು. ಅರ ಎಂದರೆ ಚಕ್ರದ ಕಡ್ಡಿ. ಎರಡನ್ನೂ ಚಮಚದಲ್ಲಿ ಅಳೆಯುವುದು ಸಾಧ್ಯವಿಲ್ಲ. ಮಾತಿನಲ್ಲಿ ಜನ ಅರ್ಧಕ್ಕೆ ಅರ ಎನ್ನುತ್ತಾರೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಮಾತು ಬೇರೆ, ಮುದ್ರಣ ಬೇರೆ. ಇಲ್ಲಿ ಅವನ ತರ್ಕ ಹೀಗೆ ಓಡಿತು. ಈ ಹೆಣ್ಣುಮಗಳು ಅವಸರದಲ್ಲಿ ಚಿಹ್ನೆ ನುಂಗುವವಳು. ಕುದಿಸಿ ಎಂಬಲ್ಲಿ ಕೊಂಬು ನುಂಗಿದ್ದಾಳೆ, ಉಪ್ಪು ಎಂಬಲ್ಲಿ ನುಂಗಿದ್ದಾಳೆ. ನುಂಗಿದ ಕೊಂಬನ್ನೂ ದೀರ್ಘವನ್ನೂ ಹಿಂದಿರುಗಿಸಿದರೆ ‘ಅರ’ ಏನಾಗುತ್ತದೆ? ‘ಆರು’ ಆಗುತ್ತದೆ. ಪಕ್ಕದಲ್ಲೇ ಸಕ್ಕರೆಗೆ ಆರು ಇದೆಯಲ್ಲ! ಆರು ಚಮಚ ಸಕ್ಕರೆ, ಆರು ಚಮಚ ಉಪ್ಪು. ಅವನು ಅದನ್ನು ಮೆಲ್ಲಗೆ ಬಾಯಿಬಿಟ್ಟು ಹೇಳಿ ನೋಡಿದ. ಎರಡು ಕಡೆಯೂ ತೂಕ ಸಮವಾಗಿ, ತಕ್ಕಡಿ ನೆಟ್ಟಗೆ ನಿಂತಿತು. ವಾಕ್ಯಕ್ಕೆ ಒಂದು ಲಯ ಬಂತು. ತನ್ನ ಮೂವತ್ತೊಂದು ವರ್ಷಗಳ ಅನುಭವಕ್ಕೆ ಮನಸ್ಸಿನಲ್ಲೇ ನಮಿಸಿ, ಕೆಂಪು ಪೆನ್ನಿನಿಂದ ದೀರ್ಘ ಎಳೆದ, ಕೊಂಬು ತಿರುವಿದ.

ಆರು ಎಂಬುದು ಸಂಖ್ಯೆಯೂ ಹೌದು, ದೀಪಕ್ಕೆ ಗಾಳಿ ಹೇಳುವ ಮಾತೂ ಹೌದು ಎಂಬುದು ಆಗ ಅವನಿಗೆ ಹೊಳೆಯಲಿಲ್ಲ.

ಕೊಡಬೇಕಾದ ರೀತಿಯೂ ಹಾಳೆಯಲ್ಲಿತ್ತು: ಗುಟುಕು ಗುಟುಕಾಗಿ ಕುಡಿಸಿ, ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕುಡಿಸಿ, ನಾಲಿಗೆ ಒಣಗಿದರೆ, ಕಣ್ಣು ಗುಳಿ ಬಿದ್ದರೆ, ಚಿವುಟಿದ ಚರ್ಮ ಬೇಗ ಕೂರದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇವೆಲ್ಲ ಸರಿಯಾಗಿಯೇ ಇದ್ದವು. ಕಟ್ಟಕಡೆಗೆ ಒಂದು ಸಾಲಿತ್ತು: ‘ಕೊಡುವ ಮೊದಲು ನೀವು ಒಂದು ಹನಿ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ.’ ಕಾಗುಣಿತ ಇದನ್ನು ಎರಡು ಸಲ ಓದಿದ. ಕರಪತ್ರದಲ್ಲಿ ಕವಿತ್ವ ಎಂದುಕೊಂಡ. ಭೇದಿಯ ವಿಷಯ ಬರೆಯುವಾಗ ಕಣ್ಣೀರಿನ ಉಪಮೆ ಉಚಿತವಲ್ಲ. ಒಂದೇ ಎಳೆತಕ್ಕೆ ಹೊಡೆದುಹಾಕಿ, ಅಂಚಿನಲ್ಲಿ ‘ಅನಗತ್ಯ ಅಲಂಕಾರ’ ಎಂದು ಬರೆದ.

ದಾದಿಗೆ ಒಮ್ಮೆ ತೋರಿಸಬೇಕಲ್ಲವೇ ಎಂದು ಯಜಮಾನ ಕೇಳಿದ್ದು ನಿಜ. ನಾನು ನೋಡಿದ ಮೇಲೆ ಇನ್ನು ನೋಡುವುದೇನಿದೆ ಎಂದು ಕಾಗುಣಿತ ಹೇಳಿದ್ದೂ ನಿಜ.

ಮರುದಿನ ಬೆಳಿಗ್ಗೆ ದಿನಪತ್ರಿಕೆಯೊಳಗೆ ಮಡಚಿಕೊಂಡು ಕರಪತ್ರ ಮನೆಮನೆಗೆ ಬಂತು. ಅಷ್ಟು ವರ್ಷ ತಿದ್ದಿದ್ದರಲ್ಲಿ ಒಂದನ್ನಾದರೂ ಬೀದಿಯವರೆಲ್ಲ ಕೈಯಲ್ಲಿ ಹಿಡಿದು ಓದಿದ್ದು ಇದೇ ಮೊದಲು. ಕಾಗುಣಿತ ಒಂದು ಪ್ರತಿಯನ್ನು ಮೆಟ್ಟಿಲ ಗೋಡೆಗೆ ನಾಲ್ಕು ಮೂಲೆಗೂ ಅಂಟು ಹಚ್ಚಿ ಮೆತ್ತಿದ. ಹೋಗಿ ಬರುವವರು ನಿಂತು ಓದಿದರೆ ಅವನೂ ಒಂದು ಮೆಟ್ಟಿಲು ಕೆಳಗೆ ನಿಂತು, ಬರೆದದ್ದು ದಾದಿಯಾದರೂ ಅದನ್ನು ಕಾಲ ಮೇಲೆ ನಿಲ್ಲಿಸಿದ್ದು ಯಾರೆಂದು ಸೂಚ್ಯವಾಗಿ ತಿಳಿಸುತ್ತಿದ್ದ. ಅಕ್ಕ ಮಂಡಿ ಹಿಡಿದುಕೊಂಡು ಹೊಸ್ತಿಲಿಗೆ ಬಂದು, ಎಲ್ಲಿ ತಿದ್ದಿದ್ದೀಯೋ ತೋರಿಸು ಎಂದಳು. ಅವನು ‘ಆರು’ ಎಂಬುದರ ಮೇಲೆ ಬೆರಳಿಟ್ಟ. ಅವಳು ಅದನ್ನು ಸೆರಗಿನಿಂದ ಒರೆಸಿದಂತೆ ಮೆಲ್ಲಗೆ ಮುಟ್ಟಿ ಒಳಗೆ ಹೋದಳು.

ಮಧ್ಯಾಹ್ನಕ್ಕೆ ಮೊದಲ ವಿಮರ್ಶೆ ಬಂತು. ಕಂಡಕ್ಟರ್ ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದ.

“ಸಾರ್, ಇದು ಔಷಧಿನಾ, ಸಮುದ್ರಾನಾ?”

ಕಾಗುಣಿತ ಗಂಭೀರನಾಗಿ, ಎಷ್ಟು ಚಮಚ ಹಾಕಿದಿರಿ ಎಂದು ವಿಚಾರಿಸಿದ. ಅಚ್ಚಾದಷ್ಟೇ ಎಂದ ಕಂಡಕ್ಟರ್. ಹಾಗಾದರೆ ಸರಿಯಾಗಿಯೇ ಇರುತ್ತದೆ.

“ಸರಿ ಇದೆ ಅಂತೀರಲ್ಲ, ಒಂದು ಗುಟುಕು ನೀವೇ ಕುಡೀರಿ ನೋಡೋಣ.”

“ನನಗೆ ಕಾಯಿಲೆ ಇಲ್ಲವಲ್ಲ.”

“ಇದನ್ನ ಕುಡಿದ್ರೆ ಬರತ್ತೆ.”

ಕಂಡಕ್ಟರ್ ಲೋಟವನ್ನು ಮೋರಿಗೆ ಸುರಿದು, ಸಾಮಾನು ಕಟ್ಟಿಕೊಂಡು ಇಳಿದುಹೋಗುವ ಪ್ರಯಾಣಿಕನಂತೆ ಹೋದ. ಸಂಜೆಗೆ ಮೇಲ್ಮನೆಯ ಟೈಲರಮ್ಮನ ಸರದಿ. ಅವಳ ನಾಲ್ಕು ವರ್ಷದ ಮಗಳಿಗೆ ಬೆಳಗಿನಿಂದ ಭೇದಿ. ಕರಪತ್ರದಂತೆ ನೀರು ಮಾಡಿ ಬಾಯಿಗಿಟ್ಟರೆ ಮಗು ಅದನ್ನು ತಾಯಿಯ ಮುಖಕ್ಕೇ ಉಗಿದಿತ್ತು. ಟೈಲರಮ್ಮ ಮುಖ ಒರೆಸಿಕೊಳ್ಳುವಾಗ ತುಟಿಗೆ ತಗುಲಿದ ಹನಿಯ ರುಚಿ ನೋಡಿ, ಹೊಲಿಗೆ ಬಿಚ್ಚುವಷ್ಟೇ ಸಲೀಸಾಗಿ ಎಲ್ಲ ಚೆಲ್ಲಿ, ತನಗೆ ಹಿತವೆನಿಸಿದಷ್ಟು ಸಕ್ಕರೆ, ಒಂದು ಚೂರು ಉಪ್ಪು ಹಾಕಿ ಬೇರೆ ಮಾಡಿದಳಂತೆ. ಮಗು ಅದನ್ನು ಗಟಗಟ ಕುಡಿದು ಮಲಗಿತಂತೆ. ಇದನ್ನೆಲ್ಲ ಅವಳು ಬಾಗಿಲಲ್ಲಿ ನಿಂತು ಹೇಳಿದಾಗ ಕಾಗುಣಿತನಿಗೆ ನಿಜವಾಗಿಯೂ ನೋವಾಯಿತು.

“ಅಚ್ಚಾದದ್ದನ್ನ ಹೀಗೆ ಮನಸ್ಸಿಗೆ ಬಂದಂತೆ ಬದಲಾಯಿಸಬಾರದಮ್ಮಾ. ರುಚಿಗೂ ಸತ್ಯಕ್ಕೂ ಸಂಬಂಧ ಇಲ್ಲ.”

“ನನಗೆ ಅಳತೆ ಗೊತ್ತಿಲ್ವಾ ಅಣ್ಣ? ದಿನಾ ಅಳತೆಲೇ ಬದುಕೋದು ನಾನು,” ಎಂದು ಅವಳು ಕೊರಳಿನ ಟೇಪನ್ನು ಎಳೆದುಕೊಂಡು ಹೊರಟಳು.

ಇಡೀ ಬೀದಿಯಲ್ಲಿ ಇನ್ನೂ ಎಷ್ಟು ಜನ ಹೀಗೆ ಮುದ್ರಣದ ಮೇಲೆ ಉಗಿದರೋ ಲೆಕ್ಕವಿಲ್ಲ. ಕಾಗುಣಿತ ಅಕ್ಕನ ಮುಂದೆ ಕುಳಿತು, ಜನಕ್ಕೆ ಅಕ್ಷರದ ಮೇಲೆ ನಂಬಿಕೆ ಹೊರಟುಹೋಗಿದೆ ಎಂದು ಹೇಳಿಕೊಂಡ. ಅಕ್ಕ ಹೂಂಗುಟ್ಟಿದಳು. ಅವರಿಗೇನು ಗೊತ್ತು ಬಿಡು ಎಂದಳು.

ಬುಧವಾರ ಬೆಳಿಗ್ಗೆ ಅಕ್ಕನಿಗೇ ಹೊಟ್ಟೆ ಕೆಟ್ಟಿತು.

ಕಾಗುಣಿತ ಕೆಲಸಕ್ಕೆ ಹೋಗಲಿಲ್ಲ. ಇಂಥ ಹೊತ್ತಿಗೆಂದೇ ವಿಧಿ ತನ್ನನ್ನು ಸಿದ್ಧಮಾಡಿದೆಯೆಂಬ ಭಾವದಿಂದ ತೋಳು ಮಡಚಿ ಅಡುಗೆಮನೆ ಹೊಕ್ಕ. ನೀರು ಕುದಿಸಿದ, ಆರಿಸಿದ, ಲೀಟರಿನ ಗುರುತಿದ್ದ ಹೂಜಿಗೆ ಸುರಿದ. ಚಮಚದಲ್ಲಿ ಸಕ್ಕರೆ ತುಂಬಿ ಅಡಿಕೋಲಿನ ಅಂಚಿನಿಂದ ಸವರಿ ಮಟ್ಟಸ ಮಾಡಿದ, ಆರು ಸಲ. ಉಪ್ಪನ್ನೂ ಹಾಗೆಯೇ ಸವರಿದ, ಆರು ಸಲ. ಅಷ್ಟು ನಿಖರವಾಗಿ ಆ ಊರಿನಲ್ಲಿ ಯಾರೂ ವಿಷ ಕೂಡ ಬೆರೆಸಿರಲಾರರು.

ಅಕ್ಕ ಗೋಡೆಗೆ ಒರಗಿ ಕುಳಿತು ಮೊದಲ ಗುಟುಕು ತೆಗೆದುಕೊಂಡಳು. ಬಾಯಲ್ಲಿಟ್ಟುಕೊಂಡು ನಾಲಿಗೆಯ ಮೇಲೆ ಹೊರಳಿಸಿದಳು. ಇನ್ನೂರು ಜನರ ಸಾರನ್ನು ನಾಲ್ವತ್ತು ವರ್ಷ ತೂಗಿದ ನಾಲಿಗೆ ಅದು.

“ಉಪ್ಪು ಕಣೋ,” ಎಂದಳು.

“ಅಚ್ಚಲ್ಲಿ ಹಾಗೇ ಇದೆ ಅಕ್ಕ.”

“ನೀನು ನೋಡಿದ್ದೀಯಲ್ಲ?”

“ನಾನೇ ತಿದ್ದಿದ್ದು.”

“ಹಾಗಾದ್ರೆ ನನ್ನ ನಾಲಿಗೆಗೇ ಏನೋ ಆಗಿದೆ,” ಎಂದು ಅವಳು ಕಣ್ಣು ಮುಚ್ಚಿ ನುಂಗಿದಳು.

ಮೊದಲ ಲೋಟ ಅರ್ಧ ಉಳಿಯಿತು, ವಾಂತಿಯಾಯಿತು. ಅವನು ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದು ಮತ್ತೆ ಕುಡಿಸಿದ. ಬಾಯಾರುತ್ತಿದೆ, ಬರೀ ನೀರು ಕೊಡು ಎಂದಳು. ಬಾಯಾರಿಕೆಗೇ ಇದು ಎಂದು ಎರಡನೆಯ ಲೋಟ ತುಂಬಿದ. ಕುಡಿದಷ್ಟೂ ಬಾಯಿ ಆರುತ್ತಿತ್ತು. ಆರಿದಷ್ಟೂ ಅವನು ಕುಡಿಸುತ್ತಿದ್ದ. ಹತ್ತೂವರೆಯ ಹೊತ್ತಿಗೆ ನಾಲಿಗೆ ಒಣಗಿ ಮರದಂತಾಯಿತು. ಅವನು ಕರಪತ್ರ ತೆಗೆದು ಆ ಸಾಲಿಗೆ ಸೀಸದ ಕಡ್ಡಿಯಿಂದ ಗುರುತು ಹಾಕಿದ. ಹನ್ನೊಂದಕ್ಕೆ ಕಣ್ಣು ಗುಳಿಬಿತ್ತು, ಇನ್ನೊಂದು ಗುರುತು. ಮೊಣಕೈಯ ಚರ್ಮ ಎತ್ತಿ ಬಿಟ್ಟರೆ ಮಡಿಸಿದ ಬಟ್ಟೆಯಂತೆ ನಿಂತೇ ಇತ್ತು, ಗುರುತು. ಅಕ್ಕ ಹೊಟ್ಟೆ ಹಿಡಿದು ಅತ್ತಳು, ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ, ಗುರುತು. ಒಂದು ಬರಹದ ಪ್ರತಿಯೊಂದು ವಾಕ್ಯವೂ ಕಣ್ಣೆದುರಿಗೆ ಹೀಗೆ ಸಾಲು ತಪ್ಪದೆ ನಿಜವಾಗುವುದನ್ನು ಅವನು ತನ್ನ ವೃತ್ತಿಯಲ್ಲಿ ಎಂದೂ ಕಂಡಿರಲಿಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವನು ಸೀಸದ ಕಡ್ಡಿ ಕೆಳಗಿಟ್ಟಿದ್ದ. ಆಸ್ಪತ್ರೆ ಎಂದಿತ್ತು ಅಲ್ಲಿ. ಅಕ್ಕನ ತಲೆ ಪಕ್ಕಕ್ಕೆ ವಾಲಿತ್ತು. ಕೂಗಿದರೆ ಓಗೊಡುತ್ತಿದ್ದಳು, ಆದರೆ ಅವನ ಹೆಸರನ್ನಲ್ಲ, ಹಾಸ್ಟೆಲಿನ ಯಾವುದೋ ಹಳೆಯ ಹುಡುಗರ ಹೆಸರುಗಳನ್ನು ಹೇಳಿ ಬಡಿಸುತ್ತಿದ್ದಳು.

ಆ ಹೊತ್ತಿಗೆ ಮೆಟ್ಟಿಲ ಮೇಲೆ ಕೆಸರು ಚಪ್ಪಲಿಯ ಸದ್ದು ನಿಂತಿತು. ಊರಿನ ಆ ತುದಿಯ ಕೆಲಸ ಮುಗಿಸಿ ದಾದಿ ಈ ಬೀದಿಗೆ ಬಂದಿದ್ದಳು. ಗೋಡೆಯ ಮುಂದೆ ಅವಳು ನಿಂತದ್ದು ಅರ್ಧ ನಿಮಿಷವೂ ಇಲ್ಲ.

“ಇದನ್ನ ಯಾರು ಅಚ್ಚು ಹಾಕಿದ್ದು?”

ಕಂಡಕ್ಟರ್ ಕೆಳಗಿನಿಂದಲೂ ಟೈಲರಮ್ಮ ಮೇಲಿನಿಂದಲೂ ಒಂದೇ ಬಾಗಿಲಿಗೆ ಬೆರಳು ತೋರಿಸಿದರು. ದಾದಿ ಒಳಗೆ ಬಂದು, ಹೂಜಿ ನೋಡಿ, ಅಕ್ಕನನ್ನು ನೋಡಿ, ಹೂಜಿಯಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಮುಖ ಕಿವುಚಲಿಲ್ಲ. ಅದೇ ಹೆಚ್ಚು ಭಯವಾಗುವಂತಿತ್ತು.

“ಎಷ್ಟು ಕುಡಿಸಿದ್ದೀರಿ?”

“ಅರ್ಧ ಹೂಜಿ.”

“ನಾನು ಅರ ಅಂತ ಬರೆದಿದ್ದೆ.”

ಕಾಗುಣಿತ ಬಾಯಿ ತೆರೆದ. ಅರ ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಎರಡು ಅರ್ಥಗಳಿವೆ, ಒಂದು ಕಬ್ಬಿಣ ಉಜ್ಜುವ ಹತ್ಯಾರು ಎಂದು ಹೇಳಲು ಅವನ ನಾಲಿಗೆ ತಾನಾಗಿ ಹೊರಟಿತು. ಹತ್ಯಾರು ಎಂಬಲ್ಲಿಗೆ ಬಂದು ನಿಂತುಹೋಯಿತು.

“ಕಾರು, ಆಟೋ, ಏನಾದ್ರೂ ಸರಿ. ಈಗಲೇ,” ಎಂದಳು ದಾದಿ.

ಕುರ್ಚಿಯ ಮೇಲೆ ಕೂರಿಸಿ ಇಳಿಸಬೇಕಾಯಿತು. ಕಿರಿದಾದ ಮೆಟ್ಟಿಲು, ಮುಂದೆ ಕಂಡಕ್ಟರ್, ಹಿಂದೆ ಕಾಗುಣಿತ, ನಡುವೆ ಸೀರೆಯ ಸೆರಗಿನಿಂದ ಕಟ್ಟಿದ ಅಕ್ಕ. ಮೂವತ್ತು ವರ್ಷದ ಅಭ್ಯಾಸ, ಕಂಡಕ್ಟರನ ಬಾಯಿ ಸುಮ್ಮನಿರಲಿಲ್ಲ. “ರೈಟ್... ರೈಟ್... ಹೋಲ್ಡಾನ್, ತಿರುವು ಇದೆ... ಹ್ಞಾಂ, ರೈಟ್.” ಮೊದಲ ಮಹಡಿಯ ತಿರುವಿನಲ್ಲಿ ಕುರ್ಚಿಯ ಕಾಲು ಗೋಡೆಗೆ ತಾಗಿ ಕರಪತ್ರದ ಒಂದು ಮೂಲೆ ಹರಿಯಿತು. ಅಕ್ಕ ಕಣ್ಣು ಬಿಡದೆಯೇ, ಟಿಕೆಟ್ ತಗೊಂಡ್ಯೇನೋ ಎಂದು ಕೇಳಿದಳು. “ನಿಮ್ಮದು ಪಾಸ್ ಇದೆ ಅಕ್ಕಾ,” ಎಂದ ಕಂಡಕ್ಟರ್.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಕ್ತ ತೆಗೆಸಿ, ಸೂಜಿ ಚುಚ್ಚಿಸಿ, ಹನಿ ಹನಿಯಾಗಿ ನೀರು ಬಿಡಿಸಿದಳು. ಏರಿದ ಉಪ್ಪನ್ನು ಮೆಲ್ಲಗೆ ಇಳಿಸಬೇಕು, ಅವಸರ ಮಾಡಿದರೆ ಮಿದುಳಿಗೆ ಪೆಟ್ಟು, ನಾಳೆಯವರೆಗೆ ಏನೂ ಹೇಳಲಾಗದು ಎಂದಳು. ಆಮೇಲೆ, ಏನು ಕೊಟ್ಟಿದ್ದಿರಿ ಎಂದು ಕೇಳಿದಳು. ಕಾಗುಣಿತ ಸೀಸದ ಕಡ್ಡಿಯ ಗುರುತುಗಳಿದ್ದ ಕರಪತ್ರವನ್ನು ಮುಂದೆ ಹಿಡಿದ. ಅವಳು ಓದಿ ತಲೆಯೆತ್ತಿದಳು.

“ಇದನ್ನ ಬರೆದವರ ಮೇಲೆ ಕೇಸು ಹಾಕಬೇಕು.”

ಮೂವತ್ತೊಂದು ವರ್ಷ ಅವನು ಒಂದೇ ಮಾತನ್ನು ಹೇಳಿಕೊಂಡು ಬಂದಿದ್ದ: ಬರೆದದ್ದು ತಪ್ಪಿತ್ತು, ತಿದ್ದಿದ್ದು ನಾನು. ಈಗ ಆ ವಾಕ್ಯದಲ್ಲಿ ಒಂದೇ ಒಂದು ಪದ ಬದಲಾಯಿಸಬೇಕಾಗಿತ್ತು.

“ಬರೆದದ್ದು ಸರಿ ಇತ್ತು,” ಎಂದ. “ತಿದ್ದಿದ್ದು ನಾನು.”

ಇಲ್ಲಿ ಬೆಂಚು ಕಾಯುವುದರಿಂದ ಏನೂ ಆಗುವುದಿಲ್ಲ, ಮತ್ತೆ ಅಚ್ಚಾಗಿ ಬರುವುದು ನಾಳೆ, ಎರಡು ಸಾವಿರ ಮನೆಯಲ್ಲಿ ಆ ಕಾಗದ ಇದೆ ಎಂದಳು ಜೊತೆಗೆ ಬಂದಿದ್ದ ದಾದಿ. “ಕೆಂಪು ಪೆನ್ನಿದೆಯಲ್ಲ ಜೇಬಲ್ಲಿ? ಹೋಗಿ.”

ದಾದಿಯ ಜೊತೆಯವರು ಬೇರೆ ಬೀದಿಗಳನ್ನು ಹಂಚಿಕೊಂಡರು. ತನ್ನ ಬೀದಿಗೆ ಕಾಗುಣಿತನೇ ಹೊರಟ. ಕಂಡಕ್ಟರ್ ಕರೆಯದೆಯೇ ಜೊತೆಗೆ ಬಂದ. ಉರಿಬಿಸಿಲು. ಒಂದೊಂದು ಬಾಗಿಲು ತಟ್ಟುವಾಗಲೂ ಕಾಗುಣಿತ, ತೆರೆದವರು ಕಾಲರ್ ಹಿಡಿಯುತ್ತಾರೆಂದು ಕುತ್ತಿಗೆಯನ್ನು ಸಿದ್ಧವಾಗಿಟ್ಟುಕೊಂಡೇ ನಿಲ್ಲುತ್ತಿದ್ದ. ಯಾರೂ ಹಿಡಿಯಲಿಲ್ಲ. ಹಾಲಿನವಳು ಅದನ್ನು ಅಂದೇ ಚೆಲ್ಲಿದ್ದಳು. ಕ್ಷೌರದಂಗಡಿಯವನು ಕರಪತ್ರವನ್ನು ಓದದೆಯೇ ಕತ್ತಿ ಒರೆಸಲು ಬಳಸಿದ್ದ, ಈಗ ಅದಕ್ಕಾಗಿ ಕ್ಷಮೆ ಕೇಳಿದ. ಗಡಿಯಾರ ರಿಪೇರಿಯವನು ಉಳುಕಿದ ಪಾದವನ್ನು ಆ ನೀರಿನಲ್ಲಿ ಅದ್ದಿ ಕುಳಿತು ಗುಣ ಕಂಡಿದ್ದ. ತಿದ್ದಲು ಸುಲಭಕ್ಕೆ ಬಿಡಲಿಲ್ಲ. ಒಬ್ಬಾಕೆ, ಉಪ್ಪು ಅನ್ನಿಸ್ತು, ಅಚ್ಚು ತಪ್ಪಿರಬೇಕು ಅಂದ್ಕೊಂಡ್ವಿ ಎಂದು ನಕ್ಕೇಬಿಟ್ಟಳು. ಪ್ರತಿ ಮನೆಯಲ್ಲೂ ಅವನು ಬಾಗಿ ದೀರ್ಘ ಹೊಡೆದ, ಕೊಂಬು ಹೊಡೆದ. ‘ಆರು’ ಮತ್ತೆ ‘ಅರ’ವಾಯಿತು. ಅಂಚಿನಲ್ಲಿ ಕಣ್ಣೀರಿನ ಸಾಲನ್ನು ಕೈಬರಹದಲ್ಲಿ ಸೇರಿಸಿದ. ಬೀದಿಯುದ್ದಕ್ಕೂ ಜನ ತಮ್ಮ ತಮ್ಮ ನಾಲಿಗೆಯನ್ನು ನಂಬಿ ಬದುಕಿಕೊಂಡಿದ್ದರು. ಅಚ್ಚಿನ ಮಾತನ್ನು ಅಕ್ಷರಶಃ ನಂಬಿದವಳು ಒಬ್ಬಳೇ, ಅಕ್ಷರ ಬಾರದವಳು.

ಒಬ್ಬಳೇ ಎಂದು ಅವನು ಬೀದಿಯ ಕೊನೆಯವರೆಗೂ ಅಂದುಕೊಂಡಿದ್ದ.

ಕೊನೆಯ ಮನೆ ಪಂಕ್ಚರ್ ಅಂಗಡಿಯ ಪಕ್ಕದ ಒಂದು ಕೋಣೆ. ಅಲ್ಲಿದ್ದವರು ಒಬ್ಬ ಮುದಿ ಟೈಪಿಸ್ಟರು. ಬೀದಿಯಲ್ಲಿ ಕಾಗುಣಿತನ ಕೆಂಪು ಸುತ್ತುಗಳಿಗೆ ಕೃತಜ್ಞತೆ ಹೇಳುತ್ತಿದ್ದ ಏಕೈಕ ಮನುಷ್ಯ. ತಪ್ಪು ತೋರಿಸಿದರೆ ಇಡೀ ಪುಟವನ್ನು ಮತ್ತೆ ಹೊಡೆದು ತಂದು ತೋರಿಸುವವರು. ಬಾಗಿಲಿಗೆ ಬೀಗವಿತ್ತು. ಕಿಟಕಿಯ ಗಾಜಿನ ಒಳಮೈಗೆ ಕರಪತ್ರ ನಾಲ್ಕು ಮೂಲೆಗೂ ಅಂಟು ಹಚ್ಚಿಕೊಂಡು ನೆಟ್ಟಗೆ ಕೂತಿತ್ತು. ಅದರ ಹಿಂದೆ ಮೇಜು, ಮೇಜಿನ ಮೇಲೆ ಒಂದು ಹೂಜಿ, ಒಂದು ಚಮಚ, ಚಮಚದ ಪಕ್ಕದಲ್ಲಿ ಒಂದು ಅಡಿಕೋಲು.

ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ತಲೆಯೆತ್ತದೆ ಹೇಳಿದ:

“ಟೈಪಿಸ್ಟ್ ತಾತನಾ? ಹೋದ್ರು ಸಾರ್, ನಿನ್ನೆ.”

ಹೋದ್ರು. ಇದಕ್ಕಿಂತ ಸಾಧಾರಣವಾದ ಮಾತು ಭಾಷೆಯಲ್ಲಿಲ್ಲ. ಊರಿಗೆ ಹೋದವರೂ ಹೋದ್ರು, ಮಗಳ ಮನೆಗೆ ಹೋದವರೂ ಹೋದ್ರು, ಮತ್ತೆ ಬಾರದವರೂ ಹೋದ್ರು. ಅಸ್ಪಷ್ಟ ಪ್ರಯೋಗ ಕಂಡರೆ ಅಂಚಿನಲ್ಲಿ ‘ಯಾವ ಅರ್ಥದಲ್ಲಿ?’ ಎಂದು ಬರೆಯದೆ ಎಂದೂ ಪುಟ ತಿರುಗಿಸದಿದ್ದ ಮನುಷ್ಯ, ಅಲ್ಲಿ, ಬಿಸಿಲಲ್ಲಿ, ಪೆನ್ನು ಹಿಡಿದು ನಿಂತಿದ್ದ. ಎರಡು ಹೆಜ್ಜೆ ಇಟ್ಟು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕಂಡಕ್ಟರ್ ಅವನ ಮುಖ ನೋಡಿ, ತಾನೇ ಕೇಳಲೆಂದು ಬಾಯಿ ತೆರೆದ. ಕಾಗುಣಿತ ಅವನ ತೋಳು ಹಿಡಿದ.

ಕರಪತ್ರ ಗಾಜಿನ ಆಚೆಗಿತ್ತು, ಕೈಗೆ ಸಿಗುವಂತಿರಲಿಲ್ಲ. ಅವನು ಗಾಜಿನ ಮೇಲೆಯೇ, ಒಳಗಿನ ಅಕ್ಷರಕ್ಕೆ ಸರಿಯಾಗಿ ಪೆನ್ನಿಟ್ಟು, ದೀರ್ಘ ಹೊಡೆದ, ಕೊಂಬು ಹೊಡೆದ. ನೇರ ನಿಂತು ನೋಡಿದರೆ ತಿದ್ದಿದ್ದು ಸರಿಯಾಗಿ ಕೂತಿತ್ತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಕೆಂಪು ಗೆರೆ ಒಂದು ಕಡೆ, ತಪ್ಪು ಇನ್ನೊಂದು ಕಡೆ.

ಅಕ್ಕ ಎರಡು ದಿನ ಆ ಹುಡುಗರಿಗೆ ಬಡಿಸುತ್ತಲೇ ಇದ್ದಳು. ಮೂರನೆಯ ದಿನ ಹತ್ತು ಗಂಟೆಗೆ ಕಣ್ಣು ಬಿಟ್ಟು, ಈ ಆಸ್ಪತ್ರೆಯ ಗಂಜಿಗೆ ಉಪ್ಪೇ ಇಲ್ಲವಲ್ಲೋ ಎಂದು ತಮ್ಮನನ್ನು ಗುರುತು ಹಿಡಿದಳು. ಡಾಕ್ಟರಮ್ಮ ಅದನ್ನು ಒಳ್ಳೆಯ ಲಕ್ಷಣವೆಂದಳು. ಎಡಗೈ ಮಾತ್ರ ಇನ್ನೂ ಸ್ವಲ್ಪ ನಡುಗುತ್ತಿತ್ತು. ಅದು ಹೋಗಬಹುದು, ಹೋಗದೆಯೂ ಇರಬಹುದು ಎಂದಳು.

ಭೇದಿ ಪೂರ್ತಿ ನಿಂತಿರಲಿಲ್ಲ, ಬಾಯಿಂದಲೂ ನೀರು ಕುಡಿಸಬೇಕಾಗಿತ್ತು. ದಾದಿ ಕುದಿಸಿ ಆರಿಸಿದ ನೀರು, ಸಕ್ಕರೆ, ಉಪ್ಪು, ಚಮಚ ತಂದು ಕಾಗುಣಿತನ ಮುಂದಿಟ್ಟಳು. ಮಾಡಿ, ನಾನು ನೋಡ್ತಾ ಇರ್ತೀನಿ ಎಂದಳು. ಅವನು ಆರು ಚಮಚ ಸಕ್ಕರೆ ಸವರಿ ಹಾಕಿದ. ಉಪ್ಪನ್ನು ಚಮಚದ ನಡುವೆ ಗೆರೆ ಎಳೆದು, ಅರ್ಧ ಹಿಂದಕ್ಕೆ ತಳ್ಳಿ, ಉಳಿದರ್ಧವನ್ನು ಹಾಕಿದ. ಕಲಕಿ, ಲೋಟಕ್ಕೆ ಸುರಿದು, ಅಕ್ಕನ ಮಂಚದ ಅಂಚಿನಲ್ಲಿ ಕುಳಿತ. ದಾದಿ ಪಕ್ಕದ ಮಂಚದವರ ಕಡೆ ತಿರುಗಿದಳು.

“ಎಲ್ಲರ ಮನೇದೂ ತಿದ್ದಿ ಆಯ್ತಾ?” ಎಂದಳು ಅಕ್ಕ. ಕಂಡಕ್ಟರ್ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದ.

“ಒಂದು ಬಿಟ್ಟು.”

“ಅದ್ಯಾಕೆ ಬಿಟ್ಟೆ?”

“ಬೀಗ ಹಾಕಿತ್ತು. ಟೈಪಿಸ್ಟರು. ಹೋದ್ರಂತೆ.”

ಅಕ್ಕ ಎಲ್ಲಿಗೆ ಎಂದು ಕೇಳಲಿಲ್ಲ. ಅವನು ಲೋಟ ಮುಂದೆ ಮಾಡಿದ. ಅವಳು ನಡುಗದ ಕೈಯಿಂದ ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

“ನೀನು ನೋಡು ಮೊದಲು.”

ಅವನು ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಮುಖ ಬಿಳುಚಿಕೊಂಡಿತು. ಉಪ್ಪಾಗಿತ್ತು. ಅರ್ಧ ಚಮಚವೇ ಹಾಕಿದ್ದು, ಗೆ‌ರೆ ಎಳೆದು ಹಾಕಿದ್ದು, ಆದರೂ ಉಪ್ಪಾಗಿತ್ತು. ಅವನು ಚೆಲ್ಲಲೆಂದು ಲೋಟ ಹಿಡಿದು ಎದ್ದ.

ಅಕ್ಕ ಅವನ ಒದ್ದೆ ಕೆನ್ನೆಯನ್ನೇ ನೋಡುತ್ತಿದ್ದಳು. ಕೈ ಚಾಚಿ ಲೋಟ ತೆಗೆದುಕೊಂಡು, ಅಂಗೈಗೆ ಒಂದು ಹನಿ ಹಾಕಿ, ಅಂಗೈಯಿಂದ ನಾಲಿಗೆಗೆ ಮುಟ್ಟಿಸಿದಳು.

“ಕೂತ್ಕೋ,” ಎಂದಳು. “ಆ ಉಪ್ಪು ಲೋಟದ್ದಲ್ಲ.”